ಮೈಮೇಲೆ ವೈದ್ಯಕೀಯ ಸಾಧನ ಹಾಕಿಕೊಂಡೇ ಓಡಾಡುವವರು: ನೀವು ಯಾಕೆ ಒಪ್ಪಿಕೊಂಡಿರಿ?

ಕಿಟಕಿಪಕ್ಕ
ನಮ್ಮ ಅತ್ತೆಗೆ ಶುಗರ್ ಇದೆ. ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಇತ್ತೀಚೆಗೆ ಶುಗರ್ ಲೋ ಆದರೆ ಅವರಿಗೆ ಗೊತ್ತೇ ಆಗುವುದಿಲ್ಲ. ಮೊದಲೆಲ್ಲ ಬೆವರು, ನಡುಕ ಬರುತ್ತಿತ್ತು. ಈಗ ನೇರವಾಗಿ ಮಂಕಾಗಿ ಕೂತುಬಿಡುತ್ತಾರೆ. ತೋಳಿಗೆ ಅಂಟಿಸಿದರೆ ಹಗಲೂ ರಾತ್ರಿ ಶುಗರ್ ಅಳೆಯುತ್ತಲೇ ಇರುವ ಸೆನ್ಸರ್ ಹಾಕಿಸಿ ಎಂದು ಡಾಕ್ಟರ್ ಹೇಳಿದ್ದಾರೆ. ಅತ್ತೆ ಬೇಡ ಅನ್ನುತ್ತಾರೆ. ಯಾಕೆ ಅಂದರೆ "ನನಗೆ ಅದೆಲ್ಲ ಯಾಕೆ" ಅಂತ ಮಾತು ಮುಗಿಸುತ್ತಾರೆ.

ಯಾವ ಕಂಪನಿಯದು ಒಳ್ಳೆಯದು ಅಂತ ಕೇಳುತ್ತಿಲ್ಲ. ಸೆನ್ಸರ್, ಇನ್ಸುಲಿನ್ ಪಂಪ್, ಎದೆಗೆ ಅಂಟಿಸುವ ಪ್ಯಾಚ್, ಕಿವಿ ಮೆಷಿನ್, ಹೀಗೆ ಏನಾದರೂ ಹಾಕಿಕೊಂಡವರು ಹೇಳಿ. ಯಾವ ಕಾರಣಕ್ಕೆ ಹೂಂ ಅಂದಿರಿ? ತೆಗೆದಿಟ್ಟವರು ಯಾಕೆ ತೆಗೆದಿಟ್ಟಿರಿ? ಹೆಜ್ಜೆ ಎಣಿಸುವ ವಾಚಿನ ಮಾತು ಬೇರೆ, ಅದನ್ನು ಇಲ್ಲಿಗೆ ತರಬೇಡಿ ದಯವಿಟ್ಟು.

ರಾತ್ರಿಕಾವಲು
ನನ್ನ ಮಗನಿಗೆ ಟೈಪ್ 1, ಅಂದರೆ ದೇಹ ಇನ್ಸುಲಿನ್ ತಯಾರಿಸದ ಶುಗರ್ ಕಾಯಿಲೆ. ನಾನು ಸತ್ಯ ಹೇಳುತ್ತೇನೆ, ಸೆನ್ಸರ್ ಹಾಕಿಸಿದ್ದು ಅವನಿಗಾಗಿ ಅಂತ ಎಲ್ಲರ ಹತ್ತಿರ ಹೇಳಿಕೊಂಡರೂ ಹಾಕಿಸಿದ್ದು ನನ್ನ ನಿದ್ದೆಗಾಗಿ. ನಡುರಾತ್ರಿ ಎದ್ದು, ಮಲಗಿರುವ ಮಗುವಿನ ಬೆರಳು ಚುಚ್ಚಿ, ನಂಬರ್ ನೋಡಿ ಮತ್ತೆ ಮಲಗುವುದು. ಆಮೇಲೂ ನಿದ್ದೆ ಬರುವುದಿಲ್ಲ. ಯಾಕೆ ಅಂದರೆ 110 ಅಂತ ತೋರಿಸಿದರೆ ಅದು ಏರುತ್ತಿರುವ 110ಓ, ಇಳಿಯುತ್ತಿರುವ 110ಓ ಅಂತ ಗ್ಲುಕೋಮೀಟರ್ ಹೇಳುವುದಿಲ್ಲ. ಸೆನ್ಸರ್ ನಂಬರಿನ ಪಕ್ಕ ಒಂದು ಬಾಣ ತೋರಿಸುತ್ತದೆ. ಆ ಬಾಣಕ್ಕಾಗಿಯೇ ನಾನು ಒಪ್ಪಿದ್ದು.

ಅಲಾರಂ ಹೊಡೆದರೆ ಏಳುತ್ತೇನೆ, ಇಲ್ಲದಿದ್ದರೆ ಮಲಗಿರುತ್ತೇನೆ. ಇಷ್ಟೇ ವಿಷಯ. ಆದರೆ ಇದು ಸಣ್ಣ ವಿಷಯ ಅಂತ ಯಾರಾದರೂ ಅಂದರೆ ಒಂದು ವಾರ ನನ್ನ ಹಳೇ ಪಾಳಿ ಮಾಡಿ ನೋಡಲಿ.

ಹಳೇನರ್ಸ್
ರಾತ್ರಿಕಾವಲು ಅವರ ಮಾತು ನೂರಕ್ಕೆ ನೂರು ನಿಜ. ಈ ಸಾಧನಗಳ ಚರಿತ್ರೆಯಲ್ಲೂ ಇದೇ ಕಾಣುತ್ತದೆ. 2013ರಲ್ಲಿ ಅಮೆರಿಕದ ಜಾನ್ ಕಾಸ್ಟಿಕ್ ಎಂಬ ಎಂಜಿನಿಯರ್, ಟೈಪ್ 1 ಇರುವ ತನ್ನ ಪುಟ್ಟ ಮಗನ ಸೆನ್ಸರ್ ನಂಬರ್ ದೂರದಿಂದಲೇ ಕಾಣುವಂತೆ ತಾನೇ ಪ್ರೋಗ್ರಾಂ ಬರೆದರು. ಆಗ ಆ ಸೆನ್ಸರಿನ ಕಂಪನಿ ಆ ಸೌಲಭ್ಯ ಕೊಟ್ಟಿರಲಿಲ್ಲ. ಅದೇ ಮುಂದೆ ಯಾರು ಬೇಕಾದರೂ ಬಳಸಬಹುದಾದ ನೈಟ್‌ಸ್ಕೌಟ್ ಎಂಬ ಪ್ರೋಗ್ರಾಂ ಆಯಿತು. ಇನ್ನೊಬ್ಬರು ಡಾನಾ ಲೂಯಿಸ್. ಒಬ್ಬರೇ ಮಲಗುತ್ತಿದ್ದರು, ಸೆನ್ಸರಿನ ಅಲಾರಂ ಸದ್ದು ಸಾಲದೆ ಎಚ್ಚರವೇ ಆಗುತ್ತಿರಲಿಲ್ಲ. ಸದ್ದು ಜಾಸ್ತಿ ಮಾಡಲು ಹೊರಟ ಕೆಲಸ ಬೆಳೆಯುತ್ತಾ ಹೋಗಿ, ಪಂಪ್ ತಾನೇ ಇನ್ಸುಲಿನ್ ಪ್ರಮಾಣ ಹೊಂದಿಸಿಕೊಳ್ಳುವ ಓಪನ್‌ಎಪಿಎಸ್ ಆಯಿತು. ಕಂಪನಿಯ ಅಂಥ ಮೊದಲ ಪಂಪ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಸಿಕ್ಕಿದ್ದು 2016ರಲ್ಲಿ. ಅಷ್ಟರಲ್ಲಾಗಲೇ ಮನೆಯಲ್ಲೇ ಜೋಡಿಸಿಕೊಂಡು ಬಳಸುತ್ತಿದ್ದವರಿದ್ದರು. ರಾತ್ರಿಯ ಭಯ ಎಷ್ಟು ದೊಡ್ಡ ಕಾರಣ ನೋಡಿ.

ಕಿಟಕಿಪಕ್ಕ ಅವರೇ, ನಿಮ್ಮ ಅತ್ತೆಯ ವಿಷಯಕ್ಕೆ ಬರುತ್ತೇನೆ. ಪದೇ ಪದೇ ಲೋ ಆಗುತ್ತಿದ್ದರೆ ದೇಹ ಎಚ್ಚರಿಕೆ ಕೊಡುವುದನ್ನೇ ಕಡಿಮೆ ಮಾಡಿಬಿಡುತ್ತದೆ. ಕೆಲವು ವಾರ ಲೋ ಆಗದಂತೆ ನೋಡಿಕೊಂಡರೆ ಎಷ್ಟೋ ಜನರಿಗೆ ಆ ಬೆವರು, ನಡುಕ ಸ್ವಲ್ಪವಾದರೂ ವಾಪಸ್ ಬರುತ್ತದೆ. ಅಂದರೆ ಸೆನ್ಸರ್ ಅಲಾರಂ ಹೊಡೆಯುವುದಕ್ಕೆ ಮಾತ್ರ ಅಲ್ಲ, ದೇಹದ ಸ್ವಂತ ಅಲಾರಂ ರಿಪೇರಿ ಆಗಲು ಸಮಯ ಕೊಡುವುದಕ್ಕೂ ಹೌದು. ಇದನ್ನು ಅವರಿಗೆ ಹೇಳಿ ನೋಡಿ. "ಜೀವನಪೂರ್ತಿ ಇದು ಅಂಟಿಕೊಂಡೇ ಇರುತ್ತಾ" ಅನ್ನುವ ಅಂಜಿಕೆ ಇದ್ದರೆ ಅದು ಸ್ವಲ್ಪ ಇಳಿಯಬಹುದು.

ಲೆಕ್ಕಾಚಾರ
ಎಲ್ಲರೂ ಹೊಗಳುತ್ತಿದ್ದೀರಿ, ನಾನು ಅಡ್ಡಮಾತು ಆಡುತ್ತೇನೆ. ಮೈಮೇಲೆ ಸಾಧನ ಇದ್ದ ಮಾತ್ರಕ್ಕೆ ಆರೋಗ್ಯ ಸುಧಾರಿಸುವುದಿಲ್ಲ. 2016ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದೆ. ತೂಕ ಇಳಿಸಬೇಕಾದ ಯುವಜನರನ್ನು ಎರಡು ವರ್ಷ ಗಮನಿಸಿದರು. ಎಲ್ಲರಿಗೂ ಸಲಹೆ ಸಿಗುತ್ತಿತ್ತು. ಅರ್ಧ ಜನಕ್ಕೆ ಜೊತೆಗೆ ತೋಳಿಗೆ ಕಟ್ಟುವ ಸಾಧನ ಕೊಟ್ಟರು. ಸಾಧನ ಇದ್ದವರು ಸರಾಸರಿ 3.5 ಕೆಜಿ ಇಳಿದರು. ಇಲ್ಲದವರು 5.9 ಕೆಜಿ! ಇಲ್ಲದವರೇ ಜಾಸ್ತಿ.

ಜನ ಇವನ್ನು ಯಾಕೆ ಹಾಕಿಕೊಳ್ಳುತ್ತಾರೆ ಅಂದರೆ ಏನೋ ಮಾಡುತ್ತಿದ್ದೇವೆ ಅನ್ನುವ ಸಮಾಧಾನಕ್ಕೆ. ಭಯ ಮಾರುವುದು ಸುಲಭದ ವ್ಯಾಪಾರ, ಅಲ್ವಾ?

ಹಳೇನರ್ಸ್
ಲೆಕ್ಕಾಚಾರ ಅವರೇ, ಕೊಟ್ಟ ಅಂಕಿ ಸರಿ. ಆದರೆ ಅದು ನಡಿಗೆ ಮತ್ತು ಕ್ಯಾಲೊರಿ ಲೆಕ್ಕ ಹಾಕುವ ಸಾಧನ. ಆ ನಂಬರ್ ನೋಡಿ ಆ ಕ್ಷಣ ಮಾಡಲೇಬೇಕಾದದ್ದು ಏನೂ ಇರುವುದಿಲ್ಲ. ಶುಗರ್ 62, ಬಾಣ ಕೆಳಗೆ ಅಂದರೆ ಈಗಲೇ ಸಿಹಿ ತಿನ್ನಬೇಕು. ನಂಬರಿನ ಹಿಂದೆ ಒಂದು ಕೆಲಸ ಇದ್ದರೆ ಜನ ಸಾಧನ ಹಾಕಿಕೊಳ್ಳುತ್ತಾರೆ, ಹಾಕಿಕೊಂಡೇ ಇರುತ್ತಾರೆ. ನಂಬರ್ ಸುಮ್ನೆ ನಂಬರ್ ಆಗಿದ್ದರೆ ಅದು ಡ್ರಾಯರ್ ಸೇರುತ್ತದೆ. ಇಷ್ಟು ವರ್ಷ ಕೆಲಸ ಮಾಡಿ ನಾನು ಕಂಡದ್ದು ಇದು.

ಎದೆಬಡಿತ
ನನ್ನ ಕಾರಣ ಬೇರೆಯೇ. ನನಗೆ ಬೇಕಾಗಿದ್ದು ಸಾಕ್ಷಿ.

ಆಗಾಗ ಎದೆ ಧಡಧಡ ಅಂತ ಹೊಡೆದುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತು ಇದ್ದು ನಿಂತುಹೋಗುತ್ತಿತ್ತು. ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿದರೆ ಪ್ರತಿ ಸಲವೂ ನಾರ್ಮಲ್. ಇಸಿಜಿ ಹಿಡಿಯುವುದು ಹತ್ತು ಸೆಕೆಂಡಿನ ಬಡಿತವನ್ನು. ನನ್ನ ಕಾಯಿಲೆ ಆ ಹತ್ತು ಸೆಕೆಂಡಿಗೆ ಸರಿಯಾಗಿ ಬರಬೇಕಲ್ಲ! "ಟೆನ್ಷನ್ ಕಡಿಮೆ ಮಾಡಿಕೊಳ್ಳಿ" ಅಂದರು. ಮನೆಯವರೂ ಅದನ್ನೇ ಅಂದರು. ಕೊನೆಗೆ ನನಗೇ ಅನುಮಾನ ಬರತೊಡಗಿತು, ಇದೆಲ್ಲ ನನ್ನ ತಲೆಯಲ್ಲೇ ಇದೆಯಾ ಅಂತ. ಹೆಂಗಸರಿಗೆ ಈ "ಟೆನ್ಷನ್" ಎಷ್ಟು ಬೇಗ ಅಂಟಿಸುತ್ತಾರೆ ಅನ್ನುವುದು ಇನ್ನೊಂದು ಚರ್ಚೆ, ಬಿಡಿ.

ಆಮೇಲೆ ಬೇರೆ ಡಾಕ್ಟರ್ ಎದೆಗೆ ಪ್ಯಾಚ್ ಅಂಟಿಸಿ ಎರಡು ವಾರ ಬಿಟ್ಟರು. ಎದೆ ಹೊಡೆದುಕೊಂಡಾಗ ಅದರ ಮೇಲಿನ ಗುಂಡಿ ಒತ್ತಬೇಕು. ರಿಪೋರ್ಟಿನಲ್ಲಿ ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ಕಾಯಿಲೆ) ಅಂತ ಸ್ಪಷ್ಟವಾಗಿ ಬಂತು. ಕೆಟ್ಟ ಸುದ್ದಿ ಕೇಳಿ ನನಗೆ ಸಮಾಧಾನವಾಯಿತು ಅಂದರೆ ನಂಬುತ್ತೀರಾ? ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಕೈಗೆ ಇಸಿಜಿ ತೆಗೆಯುವ ವಾಚ್ ಕಟ್ಟಿಕೊಂಡಿದ್ದೇನೆ. ಮತ್ತೆ ಯಾರಾದರೂ ಟೆನ್ಷನ್ ಅಂದರೆ ತೋರಿಸುವುದಕ್ಕೆ.

ಹಳೇನರ್ಸ್
ಈ ಯೋಚನೆ ಹಳೆಯದು. ನಾರ್ಮನ್ ಹೋಲ್ಟರ್ 1940ರ ದಶಕದ ಕೊನೆಯಲ್ಲಿ ಓಡಾಡುತ್ತಾ ಇಸಿಜಿ ತೆಗೆಯುವ ಯಂತ್ರ ಮಾಡಿದಾಗ ಅದರ ತೂಕ ಸುಮಾರು 38 ಕೆಜಿ. ಬೆನ್ನಿಗೆ ಹೊತ್ತುಕೊಂಡು ಓಡಾಡಬೇಕಿತ್ತು. ಈಗ ಎದೆಯ ಮೇಲೆ ಇದೆ ಅನ್ನುವುದೇ ಮರೆತುಹೋಗುತ್ತದೆ. ಇಂದಿಗೂ ಆಸ್ಪತ್ರೆಯಲ್ಲಿ "ಹೋಲ್ಟರ್ ಹಾಕಿ" ಅಂತಲೇ ಹೇಳುವುದು.

ಲೆಕ್ಕಾಚಾರ
ಎದೆಬಡಿತ ಅವರೇ, ನಿಮ್ಮ ವಿಷಯದಲ್ಲಿ ನನ್ನ ತಕರಾರಿಲ್ಲ. ನಿಮಗೆ ಲಕ್ಷಣ ಇತ್ತು, ಡಾಕ್ಟರ್ ಹೇಳಿ ಹಾಕಿದರು. ನನ್ನ ಮಾತು ಏನೂ ತೊಂದರೆ ಇಲ್ಲದೆ ವಾಚ್ ಕಟ್ಟಿಕೊಂಡು ಹೃದಯ ಕಾಯುವವರ ಬಗ್ಗೆ. ಆ್ಯಪಲ್ ವಾಚಿನ ಅಧ್ಯಯನ 2019ರಲ್ಲಿ ಬಂತು. ಸುಮಾರು 4.19 ಲಕ್ಷ ಜನ. ಬಡಿತ ಏರುಪೇರಾಗಿದೆ ಅಂತ ಸೂಚನೆ ಬಂದದ್ದು 0.52 ಪ್ರತಿಶತ ಜನರಿಗೆ. ಅವರಲ್ಲಿ ಪ್ಯಾಚ್ ಹಾಕಿಕೊಂಡು ವಾಪಸ್ ಕಳಿಸಿದ 450 ಜನರಲ್ಲಿ ಫಿಬ್ರಿಲೇಷನ್ ಕಂಡದ್ದು 34 ಪ್ರತಿಶತದವರಲ್ಲಿ. ಉಳಿದವರು ಸುಮ್ನೆ ಹೆದರಿದರು.

ಎದೆಬಡಿತ
"ಸುಮ್ನೆ" ಅನ್ನಬೇಡಿ. ಅದು ಬಂದು ಹೋಗುವ ಕಾಯಿಲೆ ಅಂತ ಈಗ ತಾನೇ ಬರೆದೆ. ವಾಚ್ ಹೇಳಿದ ಎಷ್ಟೋ ದಿನದ ಮೇಲೆ ಪ್ಯಾಚ್ ಹಾಕಿದ್ದಾರೆ. ಆ ವಾರ ಬರದಿದ್ದರೆ ಕಾಯಿಲೆಯೇ ಇಲ್ಲ ಅಂತ ಆಗುತ್ತದಾ? ಅದೇ ಅಧ್ಯಯನದಲ್ಲಿ, ಪ್ಯಾಚ್ ಮೈಮೇಲೆ ಇದ್ದಾಗಲೇ ವಾಚ್ ಕೊಟ್ಟ ಸೂಚನೆಗಳಲ್ಲಿ 84 ಪ್ರತಿಶತ ಸರಿಯಾಗಿದ್ದವು. ಅದನ್ನೂ ಬರೆಯಿರಿ.

ಲೆಕ್ಕಾಚಾರ
ಸರಿ, ಅದು ನ್ಯಾಯವಾದ ಮಾತು. ಆದರೂ ನಲವತ್ತು ದಾಟದವರಿಗೆ ಇದರ ಅಗತ್ಯ ಕಡಿಮೆ ಅನ್ನುವುದನ್ನು ನಾನು ಬಿಡುವುದಿಲ್ಲ. ಅವರಲ್ಲಿ ಸೂಚನೆ ಬಂದದ್ದು 0.16 ಪ್ರತಿಶತಕ್ಕೆ ಮಾತ್ರ.

ಪುಸ್ತಕದಹುಳ
ಜನ ಹೊಸ ಸಾಧನ ಯಾಕೆ ಒಪ್ಪುತ್ತಾರೆ ಅನ್ನುವುದಕ್ಕೆ ಮ್ಯಾನೇಜ್‌ಮೆಂಟ್ ಓದುವವರು 1989ರಿಂದ ಒಂದು ಸಿದ್ಧಾಂತ ಇಟ್ಟುಕೊಂಡಿದ್ದಾರೆ. ಫ್ರೆಡ್ ಡೇವಿಸ್ ಅವರದು. ಉಪಯೋಗ ಇದೆ ಅನ್ನಿಸಬೇಕು, ಬಳಸುವುದು ಸುಲಭ ಅನ್ನಿಸಬೇಕು, ಆಗ ಜನ ಹೊಸ ತಂತ್ರಜ್ಞಾನ ಒಪ್ಪುತ್ತಾರೆ. ಆಮೇಲೆ ಬಂದವರು ಅದಕ್ಕೆ ಆಪ್ತರ ಒತ್ತಾಯ, ಪ್ರೈವೆಸಿಯ ಚಿಂತೆ ಎಲ್ಲ ಸೇರಿಸಿದರು. ಅದನ್ನು ಮೊದಲು ರೂಪಿಸಿದ್ದು ಆಫೀಸಿನ ಕಂಪ್ಯೂಟರ್ ನೋಡಿಕೊಂಡು. ಆಫೀಸಿನ ಕಂಪ್ಯೂಟರ್ ಯಾರೂ ಮೈಗೆ ಅಂಟಿಸಿಕೊಂಡು ಮಲಗುವುದಿಲ್ಲ.

ಕೊನೆಬೆಂಚು
ನಾನು ಮೇಷ್ಟ್ರು. ಕಿವಿ ಮೆಷಿನ್ ಹಾಕಿಕೊಳ್ಳುತ್ತೇನೆ. ಇಷ್ಟು ಹೊತ್ತು ಎಲ್ಲರೂ ಯಾಕೆ ಹಾಕಿಕೊಂಡೆ ಅಂತ ಬರೆದಿರಿ. ನಾನು ಯಾಕೆ ವರ್ಷಗಟ್ಟಲೆ ಹಾಕಿಕೊಳ್ಳಲಿಲ್ಲ ಅಂತ ಬರೆಯುತ್ತೇನೆ. ಕಿಟಕಿಪಕ್ಕ ಅವರಿಗೆ ಅದೇ ಜಾಸ್ತಿ ಉಪಯೋಗ.

ಕನ್ನಡಕ ಹಾಕಿಕೊಂಡರೆ ಓದಿದವನು ಅನ್ನುತ್ತಾರೆ. ಕಿವಿಗೆ ಮೆಷಿನ್ ಹಾಕಿಕೊಂಡರೆ ಮುದುಕ ಅನ್ನುತ್ತಾರೆ. ಬೇರೆ ಏನೂ ಕಾರಣ ಇರಲಿಲ್ಲ. ಮನೆಯಲ್ಲಿ ಹೇಳಿದಾಗೆಲ್ಲ "ನನಗೆ ಕೇಳಿಸುತ್ತದೆ, ನೀವು ಸರಿಯಾಗಿ ಮಾತಾಡಿ" ಅನ್ನುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿ ಪ್ರಶ್ನೆ ಕೇಳಿದಳು. ಎರಡು ಸಲ ಏನು ಅಂತ ಕೇಳಿದೆ. ಮೂರನೇ ಸಲ ಕೇಳಲು ನಾಚಿಕೆಯಾಗಿ ತಲೆಯಾಡಿಸಿ ಮುಂದೆ ಹೋದೆ. ಅವಳು ಮತ್ತೆ ಕೈ ಎತ್ತಲಿಲ್ಲ. ಆ ವಾರವೇ ಹೋಗಿ ಪರೀಕ್ಷೆ ಮಾಡಿಸಿದೆ. ಡಾಕ್ಟರ್ ಹೇಳಿದ್ದಕ್ಕಲ್ಲ, ಮನೆಯವರು ಹೇಳಿದ್ದಕ್ಕೂ ಅಲ್ಲ. ನನ್ನ ಕೆಲಸ ನನ್ನ ಕೈಯಿಂದ ಜಾರುತ್ತಿದೆ ಅಂತ ಗೊತ್ತಾಗಿದ್ದಕ್ಕೆ.

ಮೊದಲ ಕೆಲವು ವಾರ ಹಿಂಸೆ. ಕಾಗದ ಮಡಚಿದರೂ ಜೋರು ಸದ್ದು. ಮಿದುಳು ಹೊಂದಿಕೊಳ್ಳುವವರೆಗೆ ಹಾಗೇ ಇರುತ್ತದೆ. ಬಹಳ ಜನ ಇಲ್ಲೇ ಬಿಟ್ಟುಬಿಡುತ್ತಾರೆ.

ಲೆಕ್ಕಾಚಾರ
ಕಿವಿ ಮೆಷಿನ್ ಹಾಕಿಕೊಂಡರೆ ಮರೆವಿನ ಕಾಯಿಲೆ ಬರುವುದಿಲ್ಲ ಅಂತ ಈಗ ಎಲ್ಲ ಕಡೆ ಹೇಳುತ್ತಿದ್ದಾರೆ. ಅದು ಎಷ್ಟು ನಿಜ?

ಹಳೇನರ್ಸ್
ಅಷ್ಟು ಸರಳ ಅಲ್ಲ. 2023ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಚೀವ್ ಎಂಬ ಅಧ್ಯಯನ ಬಂತು. 70ರಿಂದ 84 ವಯಸ್ಸಿನ 977 ಜನ, ಮೂರು ವರ್ಷ. ಎಲ್ಲರನ್ನೂ ಸೇರಿಸಿ ನೋಡಿದರೆ ಮೆಷಿನ್ ಕೊಟ್ಟವರಿಗೂ ಕೊಡದವರಿಗೂ ಯೋಚನಾ ಶಕ್ತಿ ಕುಂದುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಅಪಾಯ ಜಾಸ್ತಿ ಇದ್ದ ಗುಂಪಿನಲ್ಲಿ ಮಾತ್ರ ಕುಂದುವ ವೇಗ 48 ಪ್ರತಿಶತ ಕಡಿಮೆ ಇತ್ತು. ಆ 48 ಒಂದನ್ನೇ ಎತ್ತಿಕೊಂಡು ಜಾಹೀರಾತು ಮಾಡುವವರಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಮರೆವಿನ ಭಯಕ್ಕೆ ಮೆಷಿನ್ ತಂದವರು ಬೇಗ ತೆಗೆದಿಡುತ್ತಾರೆ. ಹಿಂದಿನ ಬೆಂಚಿನ ಪ್ರಶ್ನೆ ಕೇಳಿಸಲಿ ಅಂತ ತಂದವರು ಹಾಕಿಕೊಂಡೇ ಇರುತ್ತಾರೆ.

ತಿಳಿನೀರು
ನಾನು ಶುಗರ್ ಸೆನ್ಸರ್ ತೆಗೆದುಹಾಕಿದವನು. ಟೈಪ್ 2, ಮಾತ್ರೆ ಮಾತ್ರ. ಹಾಕಿಸಿದ್ದು ಕುತೂಹಲಕ್ಕೆ. ಚೆನ್ನಾಗಿಯೇ ಇತ್ತು, ಊಟದ ನಂತರ ನಡೆದರೆ ಗೆರೆ ಎಷ್ಟು ಇಳಿಯುತ್ತದೆ ಅಂತ ಕಣ್ಣಾರೆ ಕಂಡೆ. ಡಾಕ್ಟರ್ ವರ್ಷಗಟ್ಟಲೆ ಹೇಳಿದರೂ ತಲೆಗೆ ಹೋಗದ್ದು ಆ ಗೆರೆ ನೋಡಿ ಹೋಯಿತು.

ತಾಪತ್ರಯ ಶುರುವಾದದ್ದು ಹೆಂಡತಿಯ ಫೋನಿಗೂ ನಂಬರ್ ಹೋಗುವಂತೆ ಮಾಡಿದ ಮೇಲೆ. ನಾನು ಎಲ್ಲೇ ಇರಲಿ, 190 ದಾಟಿದರೆ ಸಾಕು, ಫೋನ್ ಬರುತ್ತಿತ್ತು. "ಏನು ತಿಂದಿರಿ?" ಪೊಲೀಸರೂ ಹೀಗೆ ವಿಚಾರಣೆ ಮಾಡುವುದಿಲ್ಲ! ಅವಳ ಕಾಳಜಿ ನನಗೆ ಗೊತ್ತು. ಆದರೆ ಬಾಯಿಗೆ ಹಾಕಿದ್ದಕ್ಕೆಲ್ಲ ಲೆಕ್ಕ ಕೊಡುತ್ತಾ ಬದುಕಲು ಆಗುವುದಿಲ್ಲ. ಒಂದು ಸೆನ್ಸರ್ ಅವಧಿ ಮುಗಿದಾಗ ಇನ್ನೊಂದು ಹಾಕಿಸಲಿಲ್ಲ. ಜಗಳ ಬೇಡ ಅಂತ "ಚರ್ಮ ಕೆರೆಯುತ್ತೆ" ಅಂದುಬಿಟ್ಟೆ.

ರಾತ್ರಿಕಾವಲು
ತಿಳಿನೀರು ಅವರ ಮಾತು ಓದಿ ಸ್ವಲ್ಪ ಚುಚ್ಚಿತು. ನನ್ನ ಮಗ ಈಗ ದೊಡ್ಡವನಾಗುತ್ತಿದ್ದಾನೆ. ಶಾಲೆಯಲ್ಲಿದ್ದಾಗ ನನ್ನ ಫೋನಿಗೆ ನಂಬರ್ ಬರಬಾರದು ಅಂತ ಹಟ. ನಮ್ಮಲ್ಲಿ ಆದ ಒಪ್ಪಂದ ಹೀಗಿದೆ: ಹಗಲು ಲೋ ಆದರೆ ಮಾತ್ರ ನನಗೆ ಸೂಚನೆ. ಜಾಸ್ತಿ ಆದರೆ ಅದು ಅವನ ವಿಷಯ, ನಾನು ಕೇಳುವಂತಿಲ್ಲ. ರಾತ್ರಿ ಎರಡೂ ನನಗೆ ಬರುತ್ತವೆ. ಮೊದಮೊದಲು ನನಗೆ ಕೈಕಾಲು ಆಡಲಿಲ್ಲ. ಈಗ ಪರವಾಗಿಲ್ಲ. ಅವನು ಸೆನ್ಸರ್ ಕಿತ್ತುಹಾಕುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಕಿಟಕಿಪಕ್ಕ
ಎಲ್ಲರಿಗೂ ಥ್ಯಾಂಕ್ಸ್. ತಿಳಿನೀರು ಅವರು ಬರೆದದ್ದನ್ನು ಓದಿ ಇವತ್ತು ಅತ್ತೆಯನ್ನು ಬೇರೆ ರೀತಿ ಕೇಳಿದೆ. "ಸೂಜಿ ಅಂದರೆ ಭಯವಾ" ಅಂತ ಕೇಳಲಿಲ್ಲ. "ನಂಬರ್ ನಿಮ್ಮೊಬ್ಬರಿಗೇ ಕಾಣುವ ಹಾಗಿದ್ದರೆ ಹಾಕಿಸಿಕೊಳ್ಳುತ್ತೀರಾ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಮಾವನಿಗೂ ಕಾಣಲ್ವಾ?" ಅಂದರು! ಈಗ ಅರ್ಥವಾಯಿತು. ಊಟದ ಹೊತ್ತಿಗೆ ಮಾವನವರ ಟೀಕೆ ಈಗಾಗಲೇ ಸಾಕಷ್ಟಿದೆ. ಅದಕ್ಕೆ ಸಾಕ್ಷಿಪುರಾವೆ ಬೇರೆ ಒದಗಿಸಲು ಅವರಿಗೆ ಇಷ್ಟವಿಲ್ಲ.

ಈ ಸೆನ್ಸರ್ ಯಾರ ಫೋನಿಗೂ ಕಳಿಸದೆ ಬಳಸಬಹುದಾ?

ಹಳೇನರ್ಸ್
ಖಂಡಿತ. ಹಂಚಿಕೊಳ್ಳುವುದು ಬೇಕಾದರೆ ಮಾತ್ರ ಆನ್ ಮಾಡುವ ಸೌಲಭ್ಯ. ಕೆಲವು ಸೆನ್ಸರ್‌ಗಳಿಗೆ ಫೋನ್ ಬದಲು ಪ್ರತ್ಯೇಕ ಪುಟ್ಟ ರೀಡರ್ ಸಿಗುತ್ತದೆ. ಆದರೆ ನಿಮ್ಮ ಅತ್ತೆಗೆ ಲೋ ಆದಾಗ ಮಂಕಾಗುತ್ತಾರೆ ಅಂದಿರಿ. ಆಗ ಅಲಾರಂ ಹೊಡೆದರೂ ಅವರು ಏಳದೇ ಇರಬಹುದು. ಹಾಗಾಗಿ ರಾತ್ರಿಕಾವಲು ಅವರ ಒಪ್ಪಂದದ ಹಾಗೆ, ಲೋ ಸೂಚನೆ ಮಾತ್ರ ಒಬ್ಬರಿಗೆ ಹೋಗಲಿ. ಆ ಒಬ್ಬರು ಯಾರು ಅನ್ನುವುದನ್ನು ಅವರೇ ಆರಿಸಲಿ. ಮಾವನವರೇ ಆಗಬೇಕಿಲ್ಲವಲ್ಲ. ಒಂದು ಮಾತು: ಕೆಲವು ಆ್ಯಪ್‌ಗಳಲ್ಲಿ ಸೂಚನೆಯ ಜೊತೆ ನಂಬರೂ, ಗೆರೆಯೂ ಕಾಣುತ್ತವೆ. ಅದನ್ನು ಮೊದಲೇ ಅವರಿಗೆ ಹೇಳಿಬಿಡಿ. ಆಮೇಲೆ ಗೊತ್ತಾದರೆ ನಂಬಿಕೆ ಹೋಗುತ್ತದೆ.

ಲೆಕ್ಕಾಚಾರ
ಹಾಕಿಕೊಂಡರೆ ತಾನೇ ಉಪಯೋಗ. ಈ ಮಾತಿಗೆ ನನ್ನ ಹತ್ತಿರ ಒಂದು ಗಟ್ಟಿ ಉದಾಹರಣೆ ಇದೆ. ಹಾರ್ಟ್ ಅಟ್ಯಾಕ್ ಆದವರಿಗೆ ಮೊದಲ ಕೆಲವು ತಿಂಗಳು ಹೃದಯ ಇದ್ದಕ್ಕಿದ್ದಂತೆ ನಿಲ್ಲುವ ಅಪಾಯ ಇರುತ್ತದೆ. ಅಂಥ ಅಪಾಯ ಇರುವವರಿಗೆ ಬನಿಯನ್ ತರಹ ತೊಡುವ ಡಿಫಿಬ್ರಿಲೇಟರ್ ಇದೆ. ಹೃದಯ ದಾರಿ ತಪ್ಪಿದರೆ ತಾನೇ ಶಾಕ್ ಕೊಡುತ್ತದೆ. 2018ರಲ್ಲಿ ವೆಸ್ಟ್ ಎಂಬ ಅಧ್ಯಯನದಲ್ಲಿ 2,302 ಜನರನ್ನು ನೋಡಿದರು. ಹೃದಯದ ಲಯ ತಪ್ಪಿ ಸತ್ತವರು ಬನಿಯನ್ ಕೊಟ್ಟ ಗುಂಪಿನಲ್ಲಿ 1.6 ಪ್ರತಿಶತ, ಕೊಡದ ಗುಂಪಿನಲ್ಲಿ 2.4 ಪ್ರತಿಶತ. ಈ ವ್ಯತ್ಯಾಸ ಕಾಕತಾಳೀಯವೂ ಆಗಿರಬಹುದು ಅನ್ನುವಷ್ಟು ಚಿಕ್ಕದು. ಆದರೆ ಒಳಗೆ ನೋಡಿ: ಬನಿಯನ್ ಪಡೆದ ಗುಂಪಿನಲ್ಲಿ ಸತ್ತ 48 ಜನರಲ್ಲಿ, ಸಾಯುವಾಗ ಅದನ್ನು ತೊಟ್ಟಿದ್ದವರು 12 ಮಂದಿ.

ಎದೆಬಡಿತ
ಅಯ್ಯೋ.

ಕೊನೆಬೆಂಚು
ಅದು ಸೆಕೆ, ತುರಿಕೆ, ಭಾರ, ಸುಮ್ನೆ ಹೊಡೆಯುವ ಅಲಾರಂ. ಯಾಕೆ ತೆಗೆದರು ಅಂತ ಊಹಿಸುವುದು ಕಷ್ಟವೇನಲ್ಲ. ಸಾಧನ ಮಾಡುವವರು ಒಳಗಿನ ಎಲೆಕ್ಟ್ರಾನಿಕ್ ಚಿಪ್‌ಗೆ ಕೊಡುವ ಗಮನದಲ್ಲಿ ಕಾಲುಭಾಗ ಬಟ್ಟೆಗೂ ಅಂಟಿಗೂ ಕೊಡಬಾರದೇ?

ಬಿಸಿಲುಮಚ್ಚು
ತಡವಾಗಿ ಬಂದೆ. ನನ್ನದು ಚಿಕ್ಕ ಉತ್ತರ. ಕ್ಲಿನಿಕ್ಕಿನಲ್ಲಿ ನೋಡಿದಾಗೆಲ್ಲ ಬಿಪಿ ಜಾಸ್ತಿ. ಮಾತ್ರೆ ಶುರು ಮಾಡುವ ಮೊದಲು 24 ಗಂಟೆ ತೋಳಿಗೆ ಪಟ್ಟಿ ಕಟ್ಟಿ ಕಳಿಸಿದರು. ಹಗಲೂ ರಾತ್ರಿ ಆಗಾಗ ತಾನೇ ಊದಿಕೊಂಡು ಅಳೆಯುತ್ತದೆ. ಸರಾಸರಿ 130/80ಕ್ಕಿಂತ ಕೆಳಗೇ ಬಂತು. ಡಾಕ್ಟರ್ ಮುಂದೆ ಕೂತರೆ ಮಾತ್ರ ಏರುವ ಬಿಪಿ ನನ್ನದು. ಈಗ ಮಾತ್ರೆ ಇಲ್ಲ, ವರ್ಷಕ್ಕೊಮ್ಮೆ ನೋಡಿಸುತ್ತೇನೆ. ಮಾತ್ರೆ ತಪ್ಪಿಸಿಕೊಳ್ಳುವುದೂ ಒಂದು ಕಾರಣ, ಬರೆದುಕೊಳ್ಳಿ.

ಇನ್ನೊಂದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ವಾಚಿನ ಆಕ್ಸಿಜನ್ ನಂಬರ್ ಕಣ್ಣುಮುಚ್ಚಿ ನಂಬಬೇಡಿ, ಅದರಲ್ಲೂ ನಮ್ಮಂಥ ಕಪ್ಪು ಮೈಬಣ್ಣದವರು. ಇವು ಚರ್ಮದ ಮೂಲಕ ಬೆಳಕು ಹಾಯಿಸಿ ಅಳೆಯುತ್ತವೆ. ಅಮೆರಿಕದಲ್ಲಿ 2020ರಲ್ಲಿ ಬಂದ ಒಂದು ವರದಿ ಇದೆ. ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗ ರಕ್ತ ತೆಗೆದು ನೋಡಿದರೆ ನಿಜಕ್ಕೂ 88ಕ್ಕಿಂತ ಕಡಿಮೆ ಇದ್ದದ್ದು ಬಿಳಿಯ ರೋಗಿಗಳಲ್ಲಿ 3.6 ಪ್ರತಿಶತ, ಕಪ್ಪು ರೋಗಿಗಳಲ್ಲಿ 11.7 ಪ್ರತಿಶತ. ಉಸಿರು ಕಟ್ಟುತ್ತಿದ್ದರೆ ನಂಬರ್ ಏನೇ ಹೇಳಲಿ, ಆಸ್ಪತ್ರೆಗೆ ಹೋಗಿ.

ಹಳೇನರ್ಸ್
ಹೌದು. ಶುಗರ್ ಸೆನ್ಸರಿಗೂ ಅದರದೇ ಮಿತಿ ಇದೆ. ಅದು ನೋಡುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನು. ಶುಗರ್ ಬೇಗ ಏರುವಾಗ, ಇಳಿಯುವಾಗ ಕೆಲವು ನಿಮಿಷ ಹಿಂದೆ ಉಳಿಯುತ್ತದೆ. ಸೆನ್ಸರ್ ಇರುವ ಕೈ ಮೇಲೆ ಒರಗಿ ಮಲಗಿದರೆ ಸುಳ್ಳು ಲೋ ತೋರಿಸುವುದೂ ಉಂಟು. ನಂಬರಿಗೂ ಮೈಗೆ ಅನಿಸುವುದಕ್ಕೂ ತಾಳೆಯಾಗದಿದ್ದರೆ ಬೆರಳು ಚುಚ್ಚಿ ನೋಡಬೇಕು. ಗ್ಲುಕೋಮೀಟರ್ ಎಸೆಯಬೇಡಿ.

ಕಿಟಕಿಪಕ್ಕ
ಅತ್ತೆ ಒಂದು ಸೆನ್ಸರಿಗೆ ಒಪ್ಪಿದರು, ಒಂದೇ. ಅದು ಮುಗಿದ ಮೇಲೆ ಮುಂದಿನದು ಅವರ ನಿರ್ಧಾರ. ಲೋ ಸೂಚನೆ ನನ್ನ ಫೋನಿಗೆ. ನಂಬರ್ ಕಂಡರೂ ನಾನು ಊಟದ ಮಾತು ಎತ್ತುವಂತಿಲ್ಲ ಅಂತ ಷರತ್ತು. ಮಾವನವರಿಗೆ ಏನು ಹೇಳುವುದು ಅಂತ ಇನ್ನೂ ತೀರ್ಮಾನವಾಗಿಲ್ಲ.

ಒಂದು ಸಣ್ಣ ಪ್ರಶ್ನೆ: ಅವರು ಎಡಮಗ್ಗುಲಿಗೆ ಮಲಗುತ್ತಾರೆ. ಹಾಗಾದರೆ ಬಲತೋಳಿಗೆ ಹಾಕಿಸುವುದಾ?

ರಾತ್ರಿಕಾವಲು
ಹೌದು, ಬಲತೋಳಿನ ಹಿಂಭಾಗ. ಅಂಟಿಸುವ ಮೊದಲು ಅಲ್ಲಿ ಎಣ್ಣೆ, ಕ್ರೀಮ್ ಏನೂ ಇರಬಾರದು. ಚೆನ್ನಾಗಿ ಒರೆಸಿ, ಪೂರ್ತಿ ಒಣಗಲು ಬಿಡಿ. ಮೊದಲ ದಿನ ನಂಬರ್ ಸ್ವಲ್ಪ ಅಡ್ಡಾದಿಡ್ಡಿ ಬಂದರೆ ಗಾಬರಿಯಾಗಬೇಡಿ, ಬೆರಳು ಚುಚ್ಚಿ ಹೋಲಿಸಿ ನೋಡಿ.